ತೋಡಾರಿನ ಮಣ್ಣಿನಲ್ಲಿ ಶೋಲಾದ ಸಸಿಗಳು

ಗುಡ್ಡ ಜರಿದ ಜಾಗವನ್ನು ನಾನು ಮೊದಲು ನೋಡಿದ್ದು ಘಟ್ಟದ ಬುಡದ ಊರಾದ ನೆರಿಯದಲ್ಲಿ, ಹಳ್ಳದಂಥ ಒಂದು ತೋಡಿನ ಬದಿಯಲ್ಲಿ ನಿಂತು, ಡಿಸೆಂಬರಿನ ಬೆಳಿಗ್ಗೆ. ಮಳೆ ಮುಗಿದು ಆಕಾಶ ತಿಳಿಯಾಗಿತ್ತು. ಬೆಟ್ಟದ ನೆತ್ತಿಯ ಸ್ವಲ್ಪ ಕೆಳಗಿನಿಂದ ಹೊರಟ ಕೆಂಪು ಪಟ್ಟೆಯೊಂದು ಕಾಡನ್ನು ಸೀಳಿಕೊಂಡು ಕಣಿವೆಗೆ ಇಳಿದಿತ್ತು. ಜರಿದು ಎರಡು ಮಳೆಗಾಲ ಕಳೆದಿದ್ದರೂ ಅದರ ಮೇಲೆ ಹಸುರು ಹತ್ತಿರಲಿಲ್ಲ.

"ಇಲ್ಲಿಂದ ನೋಡಿದ್ರೆ ಸಣ್ಣದು ಅನ್ಸುತ್ತೆ, ಮೇಲೆ ಹೋದ್ಮೇಲೆ ಹೇಳಿ," ಎಂದರು ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ ಫಾರೆಸ್ಟರು. ಅವರು ಹಾಸನದ ಕಡೆಯವರು. ನಮ್ಮ ತುಳು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ.

ನಾನು ತೋಟಗಾರಿಕೆ ಓದಿದವಳು. ಮನೆ ಬಿ.ಸಿ.ರೋಡಿನ ಹತ್ತಿರ. ಅಲ್ಲಿಯವರೆಗೆ ನಾನು ಬೆಳೆಸಿದ್ದೆಲ್ಲ ಮನುಷ್ಯರಿಗೆ ಬೇಕಾದ ಗಿಡಗಳು: ಕರಿಮೆಣಸು, ಜಾಯಿಕಾಯಿ, ಕಸಿ ಮಾವು. ಈ ಸಲ ಮಂಗಳೂರಿನ ಒಂದು ಸಣ್ಣ ಸಂಸ್ಥೆಯವರು ಕೊಟ್ಟ ಕೆಲಸ ಬೇರೆಯದಾಗಿತ್ತು. ಜರಿದ ಜಾಗದ ಅಂಚುಗಳಲ್ಲಿ ನೆಡಲು ಸಸಿ ಬೇಕು, ಆ ಸಸಿಗಳನ್ನು ಅಲ್ಲಿಯದೇ ಬೀಜದಿಂದ ಬೆಳೆಸಬೇಕು. ಅಂಚಿಗೆ ಬೇರು ಸಿಗದಿದ್ದರೆ ಪ್ರತಿ ಮಳೆಗೂ ಗಾಯ ಅಗಲವಾಗುತ್ತ ಮೇಲಿನ ಕಾಡನ್ನು ಕೆಳಗೆ ಎಳೆಯುತ್ತದೆ ಎನ್ನುವುದು ಅರಣ್ಯ ಇಲಾಖೆಯವರ ಭಯ. ಕೆಳಗೆ ಮನೆಗಳೂ ಇದ್ದವು.

ಹತ್ತಲು ಅರ್ಧ ದಿನ ಬೇಕಾಯಿತು. ಮೊದಲು ನಮಗೆ ಗುರುತಿರುವ ದೊಡ್ಡ ಮರಗಳ ಕಾಡು. ಆಮೇಲೆ ಸೊಂಟದೆತ್ತರದ ಹುಲ್ಲಿನ ಬೋಳುಗುಡ್ಡ. ಅದನ್ನೂ ದಾಟಿದ ಮೇಲೆ, ಎರಡು ಗುಡ್ಡಗಳು ಸೇರುವ ಮಡಿಕೆಯಲ್ಲಿ, ಯಾರೋ ಕತ್ತರಿಸಿ ಸಮ ಮಾಡಿದಂತೆ ತಲೆಯೆತ್ತರವೆಲ್ಲ ಒಂದೇ ಆಗಿರುವ ಗಿಡ್ಡ ಮರಗಳ ಒಂದು ಕಾಡು. ಅದೇ ಶೋಲಾ. ಒಳಗೆ ಕಾಲಿಟ್ಟಾಗ ನಾನು ತಲೆಯ ಮೇಲೆ ಶಾಲು ಎಳೆದುಕೊಂಡೆ, ಮಳೆ ಬಂತೆಂದು. ಮಳೆ ಬಂದಿರಲಿಲ್ಲ. ಹೊರಗೆ ಹುಲ್ಲಿನ ಮೇಲೆ ಬಿಸಿಲಿತ್ತು. ಆದರೆ ಬೆಳಗ್ಗಿನಿಂದ ಹಾದುಹೋದ ಮೋಡವನ್ನು ಆ ಮರಗಳು ಎಲೆಯಲ್ಲಿ, ಕೊಂಬೆಯ ಪಾಚಿಯಲ್ಲಿ ಹಿಡಿದಿಟ್ಟುಕೊಂಡು ಈಗ ನಿಧಾನವಾಗಿ ಬಿಡುತ್ತಿದ್ದವು. ನೆಲ ಕಾಲಿಟ್ಟಲ್ಲಿ ತಗ್ಗುತ್ತಿತ್ತು, ಎತ್ತಿದರೆ ಮೇಲೆ ಬರುತ್ತಿತ್ತು. ಬೇಸಿಗೆಯಲ್ಲೂ ಈ ಮಡಿಕೆಗಳಿಂದ ನೀರಿನ ಎಳೆಗಳು ಹೊರಟು ತೋಡುಗಳಾಗಿ ನೇತ್ರಾವತಿ ಸೇರುತ್ತವೆ. ಬಂಟ್ವಾಳದಲ್ಲಿ ಹುಟ್ಟಿ ಆ ನದಿಯ ನೀರನ್ನೇ ಕುಡಿದು ಬೆಳೆದ ನಾನು ಅದು ಹುಟ್ಟುವ ಕಡೆಗೆ ಮೂವತ್ತು ದಾಟಿದ ಮೇಲೆ ಬಂದಿದ್ದೆ.

ಜರಿದ ಜಾಗ ಆ ಕಾಡಿನ ಕೆಳ ಅಂಚಿನಿಂದ ಶುರುವಾಗಿತ್ತು. ಹತ್ತಿರದಿಂದ ಅದು ಪಟ್ಟೆಯಲ್ಲ, ಒಂದು ಕೊರಕಲು. ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಫಾರೆಸ್ಟರು ನನ್ನ ಮುಖ ನೋಡಿದರು.

ಸಂರಕ್ಷಿತ ಕಾಡಿನಲ್ಲಿ ಬೀಜ ಆರಿಸುವುದಕ್ಕೂ ಅನುಮತಿ ಬೇಕು. ನಮಗೆ ಸಿಕ್ಕ ಅನುಮತಿಯಲ್ಲಿ ಮರ ಹತ್ತುವಂತಿರಲಿಲ್ಲ, ಕೊಂಬೆ ಎಳೆಯುವಂತಿರಲಿಲ್ಲ. ಉದುರಿದ್ದನ್ನು ಮಾತ್ರ, ಅದೂ ಒಂದು ಮರದ ಕೆಳಗೆ ಹಿಡಿ ತುಂಬ ಬಿಟ್ಟು ಉಳಿದದ್ದನ್ನು. ನೇರಳೆ ಜಾತಿಯವು, ದಾಲ್ಚಿನ್ನಿ ಜಾತಿಯವು, ಕಾಡು ರುದ್ರಾಕ್ಷಿ, ಕಾಡು ಸಂಪಿಗೆ. ಈ ಬೀಜಗಳಿಗೆ ಒಂದು ಗುಣವಿದೆ: ಒಣಗಿದರೆ ಸತ್ತವು. ಭತ್ತದ ಹಾಗೆ ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯಿಸುವಂತಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿ ಇಳಿದೆವು. ಇಳಿಯುವಾಗ ನಾನು ಎರಡು ಸಲ ಹಿಂತಿರುಗಿ ನೋಡಿದೆ. ಎರಡನೆಯ ಸಲ ನೋಡುವಾಗ ಮೋಡ ಬಂದು ಕಾಡು ಇರಲಿಲ್ಲ. ಆ ದಿನದಿಂದ ನನಗೆ ಹಿಡಿದ, ಅಲ್ಲಿಗೆ ಮರಳುವ ಹಂಬಲ ಕೆಲಸದ ಉದ್ದಕ್ಕೂ ಬಿಡಲಿಲ್ಲ. ವಿಚಿತ್ರವೆಂದರೆ ಆ ಕಾಡಿಗಾಗಿ ಮಾಡುವ ಕೆಲಸ ನನ್ನನ್ನು ಅದರಿಂದ ದೂರವೇ ಇಟ್ಟಿತು.

ನರ್ಸರಿ ಇದ್ದದ್ದು ಮೂಡುಬಿದಿರೆಯ ಹತ್ತಿರ ತೋಡಾರಿನಲ್ಲಿ. ಸಂಸ್ಥೆಗೆ ಅಲ್ಲಿ ಜಾಗವಿತ್ತು, ಬೋರ್‌ವೆಲ್ ಇತ್ತು, ನೆರಳು ಬಲೆಯ ಚಪ್ಪರ ಇತ್ತು. ಕೆಂಪುಕಲ್ಲಿನ ನೆಲ. ನಾನು ಬಿ.ಸಿ.ರೋಡಿನಲ್ಲಿ ಬೆಳಗ್ಗಿನ ಬಸ್ಸು ಹಿಡಿದು ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಬಂದು, ಅಲ್ಲಿಂದ ಮಂಗಳೂರು ಬಸ್ಸಿನಲ್ಲಿ ತೋಡಾರಿಗೆ ಇಳಿಯುತ್ತಿದ್ದೆ.

ಅಲ್ಲಿ ಕೆಲಸಕ್ಕೆ ಬರುತ್ತಿದ್ದವರಲ್ಲಿ ಹಿರಿಯರಾದ ಒಬ್ಬ ಅಕ್ಕ ಇದ್ದರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಮಗಳ ಮನೆ ತೋಡಾರಿನಲ್ಲೇ. ಮಾತು ಕಡಿಮೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಬರೆಯುವಾಗ ಮಾತ್ರ ಅದು ಕನ್ನಡವಾಗಿದೆ.

ಗೋಣಿ ಬಿಚ್ಚಿದ ದಿನ ಅಕ್ಕ ಹಣ್ಣಿನ ಸಿಪ್ಪೆ ತೆಗೆಯಲು ಕುಳಿತರು. ಎರಡೂ ಕೈ ಒಳಗೆ ಹಾಕಿದವರು ಹೊರಗೆ ತೆಗೆದು ಅಂಗೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡರು. ಹಾಗೆಯೇ ಕುಳಿತರು.

"ಇದು ಎಲ್ಲಿಯದು ಮೇಡಂ?"

"ನೆರಿಯದ ಮೇಲಿನ ಕಾಡಿನದ್ದು ಅಕ್ಕ."

"ಮೇಲೆ ಅಂದ್ರೆ ಎಷ್ಟು ಮೇಲೆ?"

"ಮೋಡ ಕೂತುಕೊಳ್ಳುತ್ತದಲ್ಲ, ಅಲ್ಲಿ."

ಅವರು ಒಂದು ಬೀಜವನ್ನು ಎತ್ತಿ ನೋಡಿ ಕೆಳಗಿಟ್ಟರು. "ನಾನು ಹುಟ್ಟಿದ್ದು ಅಲ್ಲಿ," ಎಂದರು.

ಅವರು ಮಲೆಕುಡಿಯರು. ಕಾಡಿನ ಕೆಳ ಅಂಚಿನಲ್ಲಿ ಅವರದ್ದು ಮತ್ತು ಅವರ ಸಂಬಂಧಿಕರದ್ದು ಕೆಲವೇ ಮನೆಗಳಿದ್ದವಂತೆ. ಏಲಕ್ಕಿ ಆರಿಸುತ್ತಿದ್ದರು, ಜೇನು ತೆಗೆಯುತ್ತಿದ್ದರು, ಬುಟ್ಟಿ ಹೆಣೆಯುತ್ತಿದ್ದರು. ಕಾಡು ಸಂರಕ್ಷಿತವಾದ ಮೇಲೆ ಒಂದೊಂದಕ್ಕೂ ಕೇಳಬೇಕಾಯಿತು. ಒಂದೊಂದೇ ಮನೆ ಇಳಿಯಿತು. ಇವರ ಮನೆ ಕೊನೆಯದು.

"ಹೋಗಿ ಅಂತ ಯಾರೂ ದೂಡಲಿಲ್ಲ," ಎಂದರು ಅಕ್ಕ. "ಇರಿ ಅಂತಲೂ ಯಾರೂ ಹೇಳಲಿಲ್ಲ. ಮಗಳಿಗೆ ಜ್ವರ ಬಂತು ಒಂದು ಮಳೆಗಾಲದಲ್ಲಿ. ಬಡಿಗೆಗೆ ಕಂಬಳಿ ಕಟ್ಟಿ ಹೊತ್ತು ಇಳಿಸಿದ್ದು. ಅವಳು ಉಳಿದಳು. ಆಮೇಲೆ ಪುನಃ ಮೇಲೆ ಹೋಗಿ ಇರುವ ಅಂತ ನನ್ನ ಗಂಡ ಹೇಳಿದ್ರು. ನಾನು ಬೇಡ ಅಂದೆ."

"ಆಮೇಲೆ ನೋಡಲಿಕ್ಕಾದರೂ ಹೋಗಲಿಲ್ಲವಾ?"

"ಹೇಗೆ ಹೋಗುವುದು? ಈಗ ಅಲ್ಲಿಗೆ ಪರ್ಮಿಷನ್ ಬೇಕು."

ಮರಳಿನ ಪಾತಿಯಲ್ಲಿ ಬೀಜ ಹಾಕಿದೆವು. ದಾಲ್ಚಿನ್ನಿ ಜಾತಿಯವು ಬೇಗ ಮೊಳೆತವು. ನೇರಳೆ ಜಾತಿಯವೂ ಬಂದವು. ಕಾಡು ರುದ್ರಾಕ್ಷಿ ಬರಲೇ ಇಲ್ಲ, ಬರುವುದೂ ಇಲ್ಲವೆಂದು ಆಮೇಲೆ ಗೊತ್ತಾಯಿತು. ಎರಡೆಲೆ ಬಿಟ್ಟ ಸಸಿಗಳನ್ನು ಮಣ್ಣು, ಮರಳು, ಹಟ್ಟಿಗೊಬ್ಬರ ಬೆರೆಸಿ ತುಂಬಿದ ಸಣ್ಣ ಪ್ಲಾಸ್ಟಿಕ್ ಚೀಲಗಳಿಗೆ, ನಮ್ಮ ಮಾತಿನ ತೊಟ್ಟೆಗಳಿಗೆ, ದಾಟಿಸಿದೆವು. ಫೆಬ್ರವರಿ ಮುಗಿಯುವವರೆಗೆ ಎಲ್ಲ ಸರಿಯಾಗಿತ್ತು. ನಾನು ಸಂಸ್ಥೆಗೆ ಸಂತೋಷದ ವರದಿ ಕಳಿಸಿದೆ.

ಮಾರ್ಚಿನಲ್ಲಿ ಎಲೆಯ ತುದಿಗಳು ಕಂದಾದವು. ಮೊದಲು ತುದಿ, ಆಮೇಲೆ ಅಂಚು, ಆಮೇಲೆ ಇಡೀ ಎಲೆ ಸುರುಳಿಯಾಗಿ ಉದುರುತ್ತಿತ್ತು. ನೆರಳು ಬಲೆಯ ಇನ್ನೊಂದು ಪದರ ಹಾಕಿದೆವು. ಅದರಿಂದ ಕತ್ತಲಾಯಿತು, ಸೆಕೆ ಕಡಿಮೆಯಾಗಲಿಲ್ಲ. ಹನಿ ಸಿಂಪಡಿಸುವ ಪೈಪು ತರಿಸಿ ಗಂಟೆಗೊಮ್ಮೆ ಬಿಟ್ಟೆವು. ಬೋರಿನ ನೀರು ಪೈಪಿನಲ್ಲೇ ಕಾದು ಉಗುರು ಬೆಚ್ಚಗೆ ಬರುತ್ತಿತ್ತು. ಒಂದು ವಾರಕ್ಕೆ ಎಲೆ ಸ್ವಲ್ಪ ಚೇತರಿಸಿಕೊಂಡಂತೆ ಕಂಡು, ಮರುವಾರ ಕಾಂಡ ಮಣ್ಣಿಗೆ ತಾಗುವಲ್ಲಿ ಕಪ್ಪಾಗಿ ಸಸಿಗಳು ಸಾಲು ಸಾಲಾಗಿ ಮಲಗಿದವು. ಬುಡ ಕೊಳೆತಿತ್ತು. ನೀರು ಕಡಿಮೆ ಮಾಡಿದರೆ ಎಲೆ ಸುಡುತ್ತಿತ್ತು, ಹೆಚ್ಚು ಮಾಡಿದರೆ ಬುಡ ಕೊಳೆಯುತ್ತಿತ್ತು. ಬಾಳೆಯ ಹಾಳೆ ಹಾಸಿದರೆ ತಂಪಿರುತ್ತದೆ ಎಂದರು ಅಕ್ಕ. ಹಾಸಿದೆವು. ಹಾಳೆಯ ಕೆಳಗೆ ಬಸವನಹುಳ ಸೇರಿ ಚಿಗುರು ತಿಂದವು. ಅದನ್ನೂ ತೆಗೆದೆವು.

ಪರದೇಶದಲ್ಲಿ ದುಡಿಯುತ್ತಿದ್ದ ನನ್ನ ಗಂಡ ದಮ್ಮಾಮಿನಿಂದ ಫೋನ್ ಮಾಡಿದಾಗ ನಾನು ತೋಡಾರಿನ ಸೆಕೆಯ ಬಗ್ಗೆ ದೂರುತ್ತಿದ್ದೆ. ಅವರು ನಗುತ್ತಿದ್ದರು. ಒಮ್ಮೆ ಮಾತ್ರ, ನಾನು ಡಿಸೆಂಬರಿನಲ್ಲಿ ಕಳಿಸಿದ್ದ ಕಾಡಿನ ಚಿತ್ರ ನೆನೆದು, "ಆ ಮೋಡದ ಫೋಟೋ ಇನ್ನೊಂದು ಉಂಟಾ?" ಎಂದು ಕೇಳಿದರು. ಕಳಿಸಿದೆ.

ನನಗೆ ನಿಧಾನವಾಗಿ ಅರ್ಥವಾದದ್ದು ಇಷ್ಟು: ಈ ಸಸಿಗಳಿಗೆ ಬೇಕಾದದ್ದು ನೀರಲ್ಲ. ಅವಕ್ಕೆ ತಂಪಾದ, ಒದ್ದೆಯಾದ, ಓಡಾಡುವ ಗಾಳಿ ಬೇಕು. ಅದನ್ನು ಪೈಪಿನಲ್ಲಿ ತರಲಾಗುವುದಿಲ್ಲ. ಅರ್ಥವಾದರೂ ಒಪ್ಪಲಿಲ್ಲ. ಅಕ್ಕನೂ ಒಪ್ಪಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅವರು ತಟ್ಟೆ ಬದಿಗಿಟ್ಟು ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದರು. ಪಾಡ್ದನದ ಯಾವುದೋ ತುಂಡನ್ನು ಗುನುಗುತ್ತಿದ್ದರು. ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು.

ಜೂನಿನಲ್ಲಿ ಮಳೆ ಹಿಡಿದಾಗ ಹತ್ತರಲ್ಲಿ ಎರಡೂ ಉಳಿದಿರಲಿಲ್ಲ. ಆದರೆ ಉಳಿದವು ಚಿಗುರಿದವು. ನೇರಳೆಯ ಚಿಗುರು ಕೆಂಪು, ದಾಲ್ಚಿನ್ನಿಯದ್ದು ಇನ್ನೂ ಕೆಂಪು. ಅಕ್ಕ ಅವನ್ನು ಚಪ್ಪರದ ಮುಂದಿನ ಸಾಲಿಗೆ ತಂದು ಜೋಡಿಸಿದರು. "ಇವು ಗಟ್ಟಿಯವು ಮೇಡಂ. ಮೇಲೆ ಹೋದ್ರೆ ಓಡಿ ಬೆಳೆಯುತ್ತವೆ," ಎಂದರು. ನೆಡುವ ದಿನ ನಿಗದಿಯಾಯಿತು. ಸಂಸ್ಥೆಯ ಮುಖ್ಯಸ್ಥೆ ಒಂದು ಕಾಲೇಜಿನ ವಿದ್ಯಾರ್ಥಿಗಳನ್ನೂ ಕರೆದಿದ್ದರು.

ನೆಡುವ ಮೊದಲು ಸಸಿ ನೋಡಲು ಫಾರೆಸ್ಟರು ತೋಡಾರಿಗೆ ಬಂದರು. ಸಾಲಿನ ಉದ್ದಕ್ಕೂ ನಡೆದು ಒಂದು ತೊಟ್ಟೆಯ ಮುಂದೆ ಕುಳಿತರು. ನೇರಳೆಯ ಬುಡದಲ್ಲಿ ಬೆರಳುದ್ದದ ಬೇರೆ ಗಿಡವೊಂದು ಎದ್ದಿತ್ತು. ಕಿತ್ತು ನನಗೆ ತೋರಿಸಿದರು.

"ಇದೇನು?"

ನೋಡುವ ಅಗತ್ಯ ಇರಲಿಲ್ಲ. ನಮ್ಮಲ್ಲಿ ಎಲ್ಲರಿಗೂ ಗುರುತಿರುವ ಕಮ್ಯುನಿಸ್ಟ್ ಗಿಡ. ರಸ್ತೆ ಬದಿ, ಪಾಳುಬಿದ್ದ ಗುಡ್ಡ, ಎಲ್ಲಿ ಬೇಕೆಂದರಲ್ಲಿ ಹಬ್ಬಿ ಬೇರೆ ಯಾವುದನ್ನೂ ಮೇಲೇಳಲು ಬಿಡದ ಕಳೆ.

"ವಾರಕ್ಕೊಮ್ಮೆ ಕೀಳುತ್ತೇವೆ ಸಾರ್," ಎಂದೆ.

"ಗಿಡ ಕೀಳ್ತೀರ. ಬೀಜ ಮಣ್ಣಲ್ಲೇ ಇರುತ್ತೆ. ಜರಿದ ಜಾಗ ಅಂದ್ರೆ ಖಾಲಿ ನೆಲ ಮೇಡಂ. ಇದು ಅಲ್ಲಿಗೆ ಒಂದ್ಸಲ ಹತ್ತಿದ್ರೆ ಶೋಲಾ ಅಂಚು ಪೂರ್ತಿ ಇದೇ ಆಗುತ್ತೆ. ಈ ಮಣ್ಣನ್ನ ಮೇಲೆ ತಗೊಂಡು ಹೋಗೋಕೆ ನಾನು ಬಿಡಲ್ಲ."

"ಬೇರು ತೊಳೆದು, ಮಣ್ಣಿಲ್ಲದೆ ಕೊಟ್ಟರೆ?"

"ಬದುಕುತ್ತಾ?"

"ನೋಡುವ."

ನಾನೂ ಅಕ್ಕನೂ ಕೆಲವು ಸಸಿಗಳನ್ನು ಆರಿಸಿ, ತೊಟ್ಟೆ ಹರಿದು, ಬಕೆಟ್ಟಿನ ನೀರಿನಲ್ಲಿ ಬೇರನ್ನು ಅಲುಗಾಡಿಸಿ ತೊಳೆದು, ಹಬೆಯಲ್ಲಿ ಬೇಯಿಸಿ ಆರಿಸಿದ ಮರಳಿನಲ್ಲಿ ಊರಿದೆವು. ಕೂದಲಿನಂಥ ಸಣ್ಣ ಬೇರುಗಳು ಮಣ್ಣಿನ ಜತೆಗೇ ಕಳಚಿ ಬಂದವು. ನಾಲ್ಕನೆಯ ದಿನ ಚಿಗುರು ಬಾಗಿತು. ವಾರದೊಳಗೆ ಎಲ್ಲ ಒಣಗಿದವು.

ಕೊನೆಯದೂ ಒಣಗಿದ ದಿನ ಸಂಜೆ ಬಸ್ಸಿನಲ್ಲಿ ಸಿದ್ಧಕಟ್ಟೆ ದಾಟುವಾಗ ಮಳೆ ಜೋರಾಗಿ ಶಟರ್ ಎಳೆದಿದ್ದರು. ಮುಖ್ಯಸ್ಥೆಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಕುಳಿತೆ. ಫಾರೆಸ್ಟರ ಮೇಲಿನವರಿಗೆ ಹೇಳಿಸಿ, ಒತ್ತಾಯಿಸಿ ಸಸಿ ಹತ್ತಿಸಬಹುದಿತ್ತು. ಅಂಥ ದಾರಿ ಇಲ್ಲದಿರಲಿಲ್ಲ. ಆದರೆ ಅವರು ಕಿತ್ತು ತೋರಿಸಿದ ಗಿಡ ಕಣ್ಣೆದುರಿಗೇ ಇತ್ತು. ಕಾಡಿಗೆ ಮದ್ದು ಎಂದು ರೋಗವನ್ನು ಹೊತ್ತು ಹತ್ತಿಸಿದ ಹಾಗಾಗುತ್ತದೆ. ಬಿ.ಸಿ.ರೋಡಿನಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಮಾಡಿನ ಕೆಳಗೆ ನಿಂತೇ ಫೋನ್ ಮಾಡಿದೆ.

"ನೆಡುವುದು ಬೇಡ ಮೇಡಂ. ಈ ಸಸಿಗಳು ಮೇಲೆ ಹೋಗಬಾರದು."

"ಹಾಗಾದರೆ ಇಷ್ಟು ದಿನ ನಾವು ಮಾಡಿದ್ದು ಏನು?"

"ತಪ್ಪು ಜಾಗದಲ್ಲಿ ಬೆಳೆಸಿದ್ದು. ಇನ್ನು ಬೀಜವನ್ನು ಕೆಳಗೆ ತರುವುದೇ ಬೇಡ. ಮಳೆಗಾಲದಲ್ಲಿ ಹಣ್ಣಾಗುವ ಮರಗಳು ಉಂಟು. ಅಲ್ಲೇ ಆರಿಸಿ ಅಲ್ಲೇ ಅಂಚಿನಲ್ಲಿ ಹಾಕುವ. ಆಗಲಿಲ್ಲ ಅಂದರೆ ನನ್ನನ್ನು ಬಿಡಿಸಿ."

"ವಿದ್ಯಾರ್ಥಿಗಳಿಗೆ ಏನು ಹೇಳುವುದು?"

"ಮಳೆ ಅಂತ ಹೇಳಿ. ಸುಳ್ಳಲ್ಲ."

ಅವರು ಒಪ್ಪಿದ್ದು ಎರಡು ದಿನದ ಮೇಲೆ, ಇನ್ನೊಂದು ಬೇಸಿಗೆಯವರೆಗೆ ಮಾತ್ರ ಎಂಬ ಮಾತಿನ ಮೇಲೆ.

ಅಕ್ಕನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರು ಮುಂದಿನ ಸಾಲಿನ ಸಸಿಗಳನ್ನು ನೋಡುತ್ತ ಕೇಳಿದರು, "ಬೀಜ ಅಲ್ಲಿಯದ್ದೇ ಅಲ್ಲವಾ?"

"ಬೀಜ ಅಲ್ಲಿಯದ್ದೇ. ಮಣ್ಣು ಇಲ್ಲಿಯದು."

"ಹಾಗಂತ ಅಲ್ಲಿಯದಕ್ಕೆ ಅಲ್ಲಿ ಜಾಗ ಇಲ್ಲವಾ?"

ಅವರು ಸಸಿಯ ವಿಷಯವೇ ಕೇಳಿದ್ದು. ನಾನು ಕೊಟ್ಟ ಉತ್ತರವೂ ಸಸಿಯ ವಿಷಯವೇ: ಕಳೆ, ಬೀಜ, ಖಾಲಿ ನೆಲ. ಅವರು ಕೇಳಿಸಿಕೊಂಡರು. ಮರುದಿನ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನ ಬಂದು ಏನೂ ಆಗದವರ ಹಾಗೆ ಪಾತಿ ಗುಡಿಸಿದರು.

ಬೀಜ ಎಲ್ಲೆಲ್ಲಿ ಹಾಕುವುದೆಂದು ನಿಶ್ಚಯಿಸಲು ನಾನು ನೆರಿಯಕ್ಕೆ ಹೋದೆ. ಫಾರೆಸ್ಟರು ಮೊಬೈಲಿನಲ್ಲಿ ಜರಿಯುವ ಮೊದಲಿನ ಚಿತ್ರ ತೆಗೆದು ತೋರಿಸಿದರು. ಮೇಲಿನಿಂದ ತೆಗೆದದ್ದು, ಎಲ್ಲ ಹಸುರು. ಕಾಡಿನ ಅಂಚಿನಲ್ಲಿ ಬೆರಳಿಟ್ಟರು. "ಇಲ್ಲಿ ಸ್ವಲ್ಪ ಮಟ್ಟ ಜಾಗ ಇತ್ತು. ಹಿಂದೆ ಒಂದೆರಡು ಮನೆ ಇದ್ವಂತೆ. ನೀರು ಇಳಿದು ಇಲ್ಲಿಂದಲೇ ಕಿತ್ತುಕೊಂಡಿದೆ."

ನಾನು ಆ ಹಸುರನ್ನೇ ನೋಡುತ್ತಿದ್ದೆ. ಆ ಬದಿಯಲ್ಲಿ ಬೇರೆ ಎಲ್ಲಾದರೂ ಮನೆಗಳಿದ್ದವೇ ಎಂದು ಕೇಳಿದೆ. ಇಲ್ಲ, ಮಟ್ಟ ಜಾಗ ಇದ್ದದ್ದು ಅದೊಂದೇ ಎಂದರು.

ಮರುದಿನ ತೋಡಾರಿನಲ್ಲಿ ಚಾ ಕುಡಿಯುವಾಗ ಅಕ್ಕನನ್ನು ಕೇಳಿದೆ. ಮನೆಯಿಂದ ಏನು ಕಾಣುತ್ತಿತ್ತು, ನೀರು ಯಾವ ಬದಿಯಲ್ಲಿತ್ತು, ಕಾಡು ಎಷ್ಟು ದೂರ. ಅವರು ಖುಷಿಯಿಂದ ಹೇಳಿದರು. ಹಿಂದೆ ಕಾಡು, ಅಂಗಳದಿಂದಲೇ ಶುರು. ಮುಂದೆ ಇಳಿಜಾರು, ಅದರಾಚೆ ಎದುರು ಗುಡ್ಡದ ಬೋಳು ಹುಲ್ಲು. ಮಾಡಿನ ಮೇಲೆ ಮೋಡ ಬಂದು ಕುಳಿತರೆ ಒಲೆಯ ಹೊಗೆ ಮೇಲೆ ಹೋಗದೆ ಅಂಗಳದಲ್ಲೇ ತಿರುಗುತ್ತಿತ್ತಂತೆ. ಅವರು ಹೇಳುತ್ತ ಹೋದಂತೆ ನನಗೆ ಅನುಮಾನ ಉಳಿಯಲಿಲ್ಲ.

"ಅಕ್ಕ, ಒಂದು ಮಾತು," ಎಂದೆ. "ಜರಿದದ್ದು ಆ ಜಾಗವೇ ಇರಬೇಕು."

ಅವರು ಚಾದ ಗ್ಲಾಸನ್ನು ಕೆಳಗಿಟ್ಟರು.

"ನಮ್ಮ ಅಂಗಳವಾ?"

"ಅಂಗಳವೂ, ಅದರ ಕೆಳಗಿನದ್ದೂ."

ಚಪ್ಪರದ ಮೇಲೆ ಮಳೆ ಬೀಳುತ್ತಿತ್ತು. ಅವರು ಎದ್ದು ಹೋಗಿ ಗ್ಲಾಸು ತೊಳೆದು ಕವುಚಿ ಇಟ್ಟು ಬಂದರು. ಆಮೇಲೆ ನನ್ನೆದುರು ನಿಂತು ಹೇಳಿದರು, "ನನ್ನನ್ನು ಒಮ್ಮೆ ಕರ್ಕೊಂಡು ಹೋಗಿ."

ಮಗಳಿಗೆ ಇದು ಇಷ್ಟವಿರಲಿಲ್ಲ. "ಅಮ್ಮನಿಗೆ ಗಂಟುನೋವು ಉಂಟು. ಅಲ್ಲಿ ಹೋಗಿ ಏನು ನೋಡ್ಲಿಕ್ಕೆ ಉಂಟು ಮೇಡಂ? ನಾನು ಸಾಯ್ಲಿಕ್ಕೆ ಹೊರಟ ಜಾಗ ಅದು," ಎಂದಳು. ಫಾರೆಸ್ಟರೂ ಮೊದಲು ಒಪ್ಪಲಿಲ್ಲ. ನೋಡಲು ಬರುವವರಿಗೆ ಆ ಭಾಗ ತೆರೆದಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ. ನಾನು ಒತ್ತಾಯಿಸಲಿಲ್ಲ, ಸಸಿಗಳಿಗೆ ಅಕ್ಕ ಮಾಡಿದ್ದನ್ನು ಮಾತ್ರ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, "ಬೀಜ ಹಾಕೋಕೆ ಕೆಲಸದವರು ಬೇಕಲ್ವಾ? ಕೆಲಸಕ್ಕೆ ಅಂತ ಬರಲಿ," ಎಂದರು.

ಆಗಸ್ಟಿನ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹೊರಟೆವು. ಜೀಪು ಹೋಗುವವರೆಗೆ ಜೀಪಿನಲ್ಲಿ, ಆಮೇಲೆ ನಡೆದು. ಹೊರಡುವ ಮೊದಲು ಫಾರೆಸ್ಟರು ಎಲ್ಲರ ಚಪ್ಪಲಿ, ಬೂಟು, ಕತ್ತಿ, ಗುದ್ದಲಿಯನ್ನು ತೋಡಿನ ನೀರಿನಲ್ಲಿ ಉಜ್ಜಿ ತೊಳೆಸಿದರು. ಕೆಳಗಿನ ಮಣ್ಣು ಒಂದು ಕಣವೂ ಮೇಲೆ ಬರಬಾರದು. ಅಕ್ಕ ಕಾಲುಗಳನ್ನೂ ತೊಳೆದುಕೊಂಡರು, ಬರಿಗಾಲಿನಲ್ಲೇ ನಡೆದರು. ಇಂಬಳಗಳು ಹತ್ತಿದವು. ನಾವೆಲ್ಲ ನಿಂತು ನಿಂತು ಕೀಳುತ್ತಿದ್ದೆವು, ಅಕ್ಕ ನೋಡಲಿಲ್ಲ. ಗಂಟುನೋವಿಗೆ ಅವರು ಆಗಾಗ ಕೂರಬೇಕಾಗುತ್ತಿತ್ತು, ಆಗ ಎಲ್ಲರೂ ಕೂರುತ್ತಿದ್ದೆವು. ಒಂದು ತಿರುವಿನಲ್ಲಿ ದಾರಿ ಗುರುತಾಯಿತು ಎಂದು ನಮ್ಮನ್ನು ಬಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ದಾರಿ ಇರಲಿಲ್ಲ. ತಿರುಗಿ ಬಂದೆವು. ಆಮೇಲೆ ಅವರು ಮುಂದೆ ನಡೆಯಲಿಲ್ಲ, ನಮ್ಮ ಹಿಂದೆ ಬಂದರು.

ಮೇಲೆ ತಲುಪಿದಾಗ ಎಲ್ಲವೂ ಬಿಳಿ. ಕೈಗೆ ಸಿಗುವ ಮರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಅಂಚಿಗೆ ಹೋಗ್ಬೇಡಿ ಅಮ್ಮ," ಎಂದರು ಫಾರೆಸ್ಟರು.

ಅಕ್ಕ ಒಂದು ಮರವನ್ನು ಹಿಡಿದು ನಿಂತರು. ಗಾಳಿ ಬಂತು. ಮೋಡ ಹರಿದು ಎದುರು ಗುಡ್ಡದ ಹುಲ್ಲು ಒಮ್ಮೆ ಕಂಡಿತು, ಆಮೇಲೆ ಕಾಲಕೆಳಗಿನ ಕೆಂಪು ಕೊರಕಲು ಕೊನೆಯವರೆಗೆ ಕಂಡಿತು. ಅವರು ಎಡಕ್ಕೆ ಕೈ ತೋರಿಸಿದರು, ಆಮೇಲೆ ಸ್ವಲ್ಪ ಬಲಕ್ಕೆ. ಕೈ ಇಳಿಸಿದರು.

"ಮನೆ ಬಿದ್ದಿರಬಹುದು ಅಂತ ಗೊತ್ತಿತ್ತು," ಎಂದರು. "ನೆಲ ಇರ್ತದೆ ಅಂತ ಗ್ರಹಿಸಿದ್ದೆ."

ಪುನಃ ಮೋಡ ಮುಚ್ಚಿತು.

ಕೆಲಸ ಶುರು ಮಾಡಿದೆವು. ಬಿದ್ದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಸಿ, ಗೂಟ ಬಡಿದು, ಮಣ್ಣು ನಿಲ್ಲುವ ಹಾಗೆ ಸಣ್ಣ ತಡೆಗಳನ್ನು ಕಟ್ಟಿದೆವು. ಅದರ ಹಿಂದೆ, ಜರೀಗಿಡಗಳ ನೆರಳು ಬೀಳುವಲ್ಲಿ, ಶೋಲಾದ ಒಳಗಿನಿಂದ ತಂದ ಎಲೆಗೊಬ್ಬರ ಹಾಕಿ ಅದೇ ಬೆಳಿಗ್ಗೆ ಆರಿಸಿದ ಹಣ್ಣುಗಳನ್ನು ಹಿಸುಕಿ ಬೀಜ ಊರಿದೆವು. ಒಣಗಿದ ಉದ್ದ ಕೊಂಬೆಗಳನ್ನು ಕೊರಕಲಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದೆವು. ಹಕ್ಕಿಗಳು ಬಂದು ಕುಳಿತರೆ ಅವು ತಿಂದ ಹಣ್ಣಿನ ಬೀಜವೂ ಅಲ್ಲೇ ಬೀಳುತ್ತದೆ ಎಂಬ ಆಸೆ. ಕೊರಕಲಿನ ನಡುಭಾಗಕ್ಕೆ ಕೈ ಹಾಕಲಿಲ್ಲ. ಅಲ್ಲಿಗೆ ಮೊದಲು ಹುಲ್ಲು ಬರಬೇಕು, ಅದರ ಪಾಡಿಗೆ ಅದು.

ಊಟದ ಹೊತ್ತಿಗೆ ಅಕ್ಕ ಕಾಣಲಿಲ್ಲ. ಹುಡುಕಿದರೆ ಕಾಡಿನೊಳಗೆ ಒಂದು ಮರಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. ಮೇಲಿನಿಂದ ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಕೂದಲೆಲ್ಲ ಒದ್ದೆ. ಸೆರಗು ಎಳೆದುಕೊಂಡಿರಲಿಲ್ಲ. ನಾನು ಕರೆಯಲು ಹೋಗಲಿಲ್ಲ. ಬೇಗ ಇಳಿಯಬೇಕೆಂದು ಬೆಳಗ್ಗಿನಿಂದ ಎಲ್ಲರನ್ನೂ ಅವಸರಿಸುತ್ತಿದ್ದ ಫಾರೆಸ್ಟರು ನನ್ನ ಹಿಂದೆ ಬಂದು ನಿಂತರು, ವಾಚು ನೋಡಿಕೊಂಡರು, ಆಮೇಲೆ ಅಲ್ಲೇ ಒಂದು ಬೇರಿನ ಮೇಲೆ ಕುಳಿತರು.

ಇಳಿಯುವಾಗ ಅಕ್ಕ ಅವರನ್ನು ಕೇಳಿದರು, "ಸಾಹೇಬ್ರೆ, ಅಲ್ಲಿ ಪುನಃ ಮರ ಬಂದ್ರೆ ಅದನ್ನು ಯಾರಾದ್ರೂ ಕಡಿಯುವುದು ಉಂಟಾ?"

"ಇಲ್ಲಮ್ಮ. ಅಲ್ಲಿಗೆ ಯಾರೂ ಬರೋ ಹಾಗಿಲ್ಲ."

"ಯಾರೂ ಬರುವ ಹಾಗಿಲ್ಲ," ಎಂದು ಅಕ್ಕ ಆ ಮಾತನ್ನೇ ತಿರುಗಿ ಹೇಳಿದರು. ಸಮಾಧಾನದಿಂದ ಹೇಳಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ತೊಟ್ಟೆಯ ಸಸಿಗಳನ್ನು ಏನು ಮಾಡುವುದೆಂದು ಉಳಿದಿತ್ತು. ಕಾಡಿನ ಹೊರಗೆ ತಂಪಿರುವ ಕಡೆ, ಪರಿಚಯದವರೊಬ್ಬರ ಬಾವಿಯ ಬದಿಯಲ್ಲಿ ಕೆಲವನ್ನು ನೆಟ್ಟೆವು. ಕೆಲವನ್ನು ಅಕ್ಕನ ಮಗಳು ತಾನೇ ಬಂದು ಕೇಳಿ ತೆಗೆದುಕೊಂಡು ಹೋದಳು.

ಆ ಮಳೆಗಾಲದ ಕೊನೆಗೆ ಕಟ್ಟಿದ ತಡೆಗಳಲ್ಲಿ ಎರಡು ಕೊಚ್ಚಿಹೋದವು. ಒಂದು ಕಡೆ ಹಂದಿಗಳು ನೆಲ ಅಗೆದು ಬೀಜ ತಿಂದವು.

ಫೆಬ್ರವರಿಯಲ್ಲಿ ನಾನು ಮೇಲೆ ಹೋದೆ. ಹೋಗುವ ಮೊದಲು ಅಕ್ಕನನ್ನು ಕೇಳಿದ್ದೆ. ಅವರ ಗಂಟು ಆಗ ಬಾತಿತ್ತು, ಅಂಗಳದಲ್ಲಿ ನಡೆಯಲೂ ಕೋಲು ಬೇಕಾಗಿತ್ತು. "ನೀವು ಹೋಗಿ ಬನ್ನಿ," ಎಂದಿದ್ದರು.

ಜರೀಗಿಡಗಳನ್ನು ಸರಿಸಿ ನೋಡಿದೆ. ಮೊದಲ ತಡೆಯ ಹಿಂದೆ ಏನೂ ಇರಲಿಲ್ಲ. ಮುಂದಿನದರ ಹಿಂದೆಯೂ ಇಲ್ಲ. ಆಚೆಯದರ ಹಿಂದೆ ಒಂದು ನೇರಳೆ, ಹೆಬ್ಬೆರಳಿನ ಎತ್ತರ, ಎಲೆಯ ಅಂಚಿನಲ್ಲಿ ಸುಟ್ಟ ಗುರುತೇ ಇಲ್ಲ. ಅದರ ಪಕ್ಕ ಇನ್ನೊಂದು. ಮಂಡಿಯೂರಿ ಹುಡುಕುತ್ತ ಹೋದಂತೆ ಸಿಕ್ಕವು, ಅಲ್ಲೊಂದು ಇಲ್ಲೊಂದು. ತೋಡಾರಿನ ಸಾಲುಗಳ ಮುಂದೆ ಅದು ಏನೂ ಅಲ್ಲ. ಆದರೆ ಇವಕ್ಕೆ ಯಾರೂ ನೀರು ಹಾಕಿರಲಿಲ್ಲ. ನಾನು ಅಲ್ಲೇ ಕುಳಿತು ಸ್ವಲ್ಪ ಅತ್ತೆ. ಮೊಬೈಲು ತೆಗೆದು ಅಕ್ಕನಿಗಾಗಿ ವಿಡಿಯೋ ಮಾಡಿದೆ. ಒಂದೊಂದು ಸಸಿಯನ್ನೂ ತೋರಿಸಿ, ಕೊರಕಲಿನ ಕಡೆಗೆ ತಿರುಗಿಸುವಷ್ಟರಲ್ಲಿ ಕೆಳಗಿನಿಂದ ಮೋಡ ಎದ್ದು ಬಂತು. ನಿಲ್ಲಿಸಲು ಮರೆತೆ.

ತೋಡಾರಿನಲ್ಲಿ ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಮೊಬೈಲನ್ನು ಅವರ ಕೈಗೆ ಕೊಟ್ಟೆ. ಸಸಿಗಳನ್ನು ನೋಡಿ "ಆಯ್ತು" ಎಂದರು, ಮಗಳನ್ನು ಕರೆದು ತೋರಿಸಿದರು. ಆಮೇಲೆ ತೆರೆಯ ಮೇಲೆ ಬಿಳಿ ಬಂತು. ನಾನು ಮೊಬೈಲಿಗೆ ಕೈ ಚಾಚಿದೆ.

"ಇನ್ನು ಏನೂ ಕಾಣುವುದಿಲ್ಲ ಅಕ್ಕ. ಮೋಡ ಬಂತು."

ಅವರು ಮೊಬೈಲು ಬಿಡಲಿಲ್ಲ.

"ಇರಲಿ," ಎಂದರು. "ಅದೇ ನೋಡುವ."